ಸೋದರಮಾವ ತಂದ ಪಂಚೆ

‘ಮಾಮ, ನನಗೆ ಪಂಚೆ ಬೇಕು.’

ಚನ್ನಗಿರಿಯ ಬಟ್ಟೆ ಅಂಗಡಿಯೊಂದರಲ್ಲಿ, ಜರಿ ಲಂಗಗಳ ರಾಶಿಯ ಎದುರು ನಿಂತು ಹೀಗೆಂದವಳು ನನ್ನ ತಂಗಿ ಗೀತಾಳ ಮಗಳು ಸಿಂಚನಾ. ನಾಲ್ಕನೇ ಕ್ಲಾಸು. ಮಾತು ಕಡಿಮೆ, ಹಟ ಜಾಸ್ತಿ.

‘ಯಾರಿಗೆ, ತಮ್ಮನಿಗಾ?’ ಎಂದೆ.

‘ನನಗೆ. ಶಲ್ಯನೂ ಬೇಕು.’

ಹತ್ತನೆಯದೋ ಹನ್ನೊಂದನೆಯದೋ ಲಂಗವನ್ನು ಬಿಡಿಸುತ್ತಿದ್ದ ಅಂಗಡಿಯವರ ಕೈ ಅರ್ಧಕ್ಕೇ ನಿಂತಿತು. ನಾನು ನಕ್ಕೆ. ಅವಳು ನಗಲಿಲ್ಲ. ನನ್ನ ಹೆಂಡತಿ ಶೈಲಾ ಮಾತ್ರ ಪಕ್ಕದ ಸ್ಟೂಲಿನ ಮೇಲೆ ಆರಾಮಾಗಿ ಕೂತು, ಸಿನಿಮಾ ಈಗ ಶುರುವಾಯಿತು ಎಂಬಂತೆ ನನ್ನ ಮುಖ ನೋಡತೊಡಗಿದಳು.

ಹಿನ್ನೆಲೆ ಹೇಳಿಬಿಡುತ್ತೇನೆ. ಗೀತಾ ನ್ಯಾಮತಿಯಲ್ಲಿ ಮನೆ ಕಟ್ಟಿಸಿದ್ದಾಳೆ. ಗೃಹಪ್ರವೇಶ. ತವರಿನ ಕಡೆಯಿಂದ ಬಟ್ಟೆ ಒಯ್ಯಬೇಕಾದವನು ನಾನು. ನಮ್ಮ ಕಡೆ ಗೊತ್ತಲ್ಲ, ಆ ದಿನ ಸೋದರಮಾವ ತಂದ ಬಟ್ಟೆಯನ್ನೇ ಉಡಬೇಕು. ಬಣ್ಣ ಹಿಡಿಸಲಿಲ್ಲ, ಅಳತೆ ಕೂಡಲಿಲ್ಲ ಎಂದು ತೆಗೆದಿಡುವ ಹಾಗಿಲ್ಲ. ತೆಗೆದಿಟ್ಟರೆ ತವರಿಗೇ ಅವಮಾನ. (ನಾನು ಹೈಸ್ಕೂಲಿನಲ್ಲಿದ್ದಾಗ ನನ್ನ ಸೋದರಮಾವ ಒಂದು ಹಳದಿ ಸಫಾರಿ ಸೂಟ್ ತಂದಿದ್ದ. ಬೆವರುತ್ತಾ ಇಡೀ ದಿನ ಅದರಲ್ಲೇ ಓಡಾಡಿದ್ದೇನೆ. ಆ ಫೋಟೋ ನೋಡಿದಾಗಲೆಲ್ಲ ಶೈಲಾ ‘ಟ್ಯಾಕ್ಸಿ ಬಂತು’ ಅನ್ನುತ್ತಾಳೆ.)

ಮಕ್ಕಳು ರಜೆಗೆ ನಮ್ಮ ಮನೆಗೇ ಬಂದಿದ್ದರು. ಸರಿ, ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ದೊಡ್ಡ ಮನುಷ್ಯನ ಹಾಗೆ ಹೇಳಿಬಿಟ್ಟೆ: ‘ಯಾರಿಗೆ ಏನು ಬೇಕೋ ಆರಿಸಿಕೊಳ್ಳಿ. ಮಾಮ ಬೇಡ ಅನ್ನಲ್ಲ.’

ಈ ಉದಾರತನ ಎಲ್ಲಿಂದ ಬಂತು ಅಂತೀರಾ? ಕೆಲವು ವಾರಗಳ ಹಿಂದೆ ಇದೇ ಅಂಕಣದಲ್ಲಿ ನಾನು ‘ಮಕ್ಕಳ ಬಟ್ಟೆ ಮಕ್ಕಳೇ ಆರಿಸಲಿ’ ಎಂದು ಉಪದೇಶ ಮಾಡಿದ್ದೆ. ಹುಡುಗಿಗೆ ಗುಲಾಬಿ, ಹುಡುಗನಿಗೆ ನೀಲಿ ಎಂದು ಹಣೆಯಲ್ಲಿ ಬರೆದಿದೆಯೇ ಎಂದು ಕೇಳಿದ್ದೆ. ನಿಮ್ಮಲ್ಲಿ ಹಲವರು ಫೋನ್ ಮಾಡಿ ‘ಚೆನ್ನಾಗಿ ಬರ್ದೀರಿ ಮೇಷ್ಟ್ರೇ’ ಅಂದಿದ್ದಿರಿ. ನಾನೂ ಉಬ್ಬಿದ್ದೆ. ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಪ್ಯಾಂಟು, ಟೀ ಶರ್ಟು. ಪಂಚೆ ಇರಲಿಲ್ಲ.

ಹುಡುಗಿ ಪ್ಯಾಂಟ್ ಹಾಕಿದರೆ ಈಗ ಯಾರು ತಿರುಗಿ ನೋಡುತ್ತಾರೆ? ನಮ್ಮ ಶಾಲೆಯಲ್ಲಿ ಶನಿವಾರ ಹುಡುಗರು, ಹುಡುಗಿಯರು ಎಲ್ಲರಿಗೂ ಒಂದೇ ಥರದ ಟ್ರ್ಯಾಕ್ ಪ್ಯಾಂಟು. ಶುರುವಿನಲ್ಲಿ ಇಬ್ಬರು ಪೋಷಕರು ಬಂದು ಗೊಣಗಿದರು. ಈಗ ಅವರ ಮಕ್ಕಳೇ ಸೋಮವಾರವೂ ಅದನ್ನೇ ಹಾಕಿಕೊಂಡು ಬಂದು ಬೈಸಿಕೊಳ್ಳುತ್ತಾರೆ. ಗದ್ದೆ ಕೆಲಸಕ್ಕೆ ಹೋಗುವ ಹೆಂಗಸರನ್ನು ನೋಡಿ, ಸೀರೆಯ ಮೇಲೆ ಗಂಡನದೋ ಮಗನದೋ ತುಂಬುತೋಳಿನ ಹಳೇ ಅಂಗಿ. ಬಿಸಿಲಿಗೂ ಆಯಿತು, ಜೇಬಿನಲ್ಲಿ ಎಲೆ ಅಡಿಕೆ ಇಟ್ಟುಕೊಳ್ಳಲಿಕ್ಕೂ ಆಯಿತು. ಅದನ್ನು ನೋಡಿ ಯಾರಾದರೂ ಹೌಹಾರಿದ್ದುಂಟೇ?

ಆದರೆ ಪಂಚೆ! ಅದೂ ಗೃಹಪ್ರವೇಶಕ್ಕೆ! ಬೀಗರ ಎದುರಿಗೆ!

‘ಯಾಕಮ್ಮ ಪಂಚೆ?’ ಎಂದು ಕೇಳಿದೆ.

‘ಕರು ಹಿಡ್ಕಳಾಕೆ.’

ನಿಧಾನವಾಗಿ ವಿಷಯ ಹೊರಬಂತು. ಹೋದ ವರ್ಷ ಹೊನ್ನಾಳಿಯಲ್ಲಿ ಅವರ ನೆಂಟರೊಬ್ಬರ ಗೃಹಪ್ರವೇಶ. ಮನೆಯೊಳಗೆ ಮೊದಲು ಹಸು ಕರು ಬರಬೇಕಲ್ಲ, ಇವಳು ಆಸೆಪಟ್ಟು ಕರುವಿನ ಹಗ್ಗ ಹಿಡಿದಿದ್ದಾಳೆ. ಲಂಗ ಕಾಲಿಗೆ ತೊಡರಿದೆ. ಮೇಲಕ್ಕೆ ಎತ್ತಿಕೊಂಡಿದ್ದಾಳೆ. ‘ಏಯ್, ಕಾಲು ಮುಚ್ಚು’ ಎಂದು ಅಜ್ಜಿ ಗದರಿದ್ದಾರೆ. ಬಿಟ್ಟಿದ್ದಾಳೆ, ಮತ್ತೆ ತೊಡರಿ ಬಿದ್ದಿದ್ದಾಳೆ. ಹಗ್ಗ ಅವಳ ಕೈಯಿಂದ ಯಾರೋ ದೊಡ್ಡಪ್ಪನ ಮಗನ ಕೈಗೆ ಹೋಗಿದೆ.

‘ಈಗ ನಮ್ಮದೇ ಮನೆ. ಕರು ನಾನೇ ಒಳಗೆ ಕರ್ಕಂಡು ಹೋಗ್ತೀನಿ. ಅಪ್ಪ ಪಂಚೆ ಎತ್ತಿ ಕಟ್ಟಿದ್ರೆ ಯಾರೂ ಏನೂ ಅನ್ನಲ್ಲ ಮಾಮ. ನಾನು ಲಂಗ ಎತ್ತಿದ್ರೆ ಮಾತ್ರ ಎಲ್ರೂ ಬೈತಾರೆ.’

ಇದಕ್ಕೆ ಉತ್ತರ ನಿಮ್ಮ ಹತ್ತಿರ ಇದ್ದರೆ ಕಳಿಸಿಕೊಡಿ.

ಅಂಗಡಿಯವರು ಗಂಡುಮಕ್ಕಳ ಬಟ್ಟೆಯ ಕಡೆಯಿಂದ ಒಂದು ರೆಡಿಮೇಡ್ ಪಂಚೆಯ ಡಬ್ಬ ತಂದರು. ಈಗಿನವು ಕಟ್ಟುವ ಪಂಚೆಗಳಲ್ಲ, ವೆಲ್ಕ್ರೋ ಪಂಚೆಗಳು. ಸುತ್ತಿ ಅಂಟಿಸಿದರೆ ಮುಗಿಯಿತು. ಡಬ್ಬದ ಮೇಲೆ ಕೈ ಮುಗಿದು ನಿಂತ ಒಬ್ಬ ಗುಂಡು ಹುಡುಗನ ಫೋಟೋ.

‘ಸಾರ್, ಇದು ಬಾಯ್ಸ್‌ದು...’ ಎಂದು ಅಂಗಡಿಯವರು ರಾಗ ಎಳೆದರು. ‘ಮನೇಲಿ ಒಂದ್ ಮಾತು ಕೇಳಿಬಿಡ್ರಿ. ಆಮೇಲೆ ವಾಪಸ್ ತರಾಕೆ ಬರಂಗಿಲ್ಲ.’

‘ಡಬ್ಬದ ಮ್ಯಾಲೆ ಹುಡುಗ ಅದಾನೆ, ಒಳಗೆ ಬರೀ ಪಂಚೆ ಐತೆ’ ಎಂದಳು ಸಿಂಚನಾ.

ನ್ಯಾಮತಿಗೆ ಫೋನ್ ಮಾಡಿದೆ. ಗೀತಾಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು, ಕೊನೆಗೆ ದನಿ ಸಣ್ಣಗಾಯಿತು. ‘ಅಣ್ಣಾ, ನಿನ್ನ ಅಂಕಣ ಪೇಪರ್‌ನಾಗೆ ಇರ್ಲಿ. ಇಲ್ಲಿ ನಮ್ಮ ಅತ್ತೆ ಇದಾರೆ. ನಾಲ್ಕು ಜನ ಸೇರಿರ್ತಾರೆ. ಹುಡುಗಿನ್ನ ಎಲ್ರೂ ಸೇರಿ ಆಡಿಕೊಂಡ್ರೆ ಅದು ಜನ್ಮದಲ್ಲೇ ಮರೆಯಲ್ಲ. ಆಮೇಲೆ ನೀನು ಚನ್ನಗಿರಿ ಬಸ್ ಹತ್ತಿ ಹೋಗಿಬಿಡ್ತೀಯ. ಇರೋರು ನಾವು.’

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಬರೆಯುವವನಿಗೆ ಬರೆದರೆ ಮುಗಿಯಿತು. ಅದನ್ನು ತೊಟ್ಟುಕೊಂಡು ನಾಲ್ಕು ಜನರ ನಡುವೆ ನಿಲ್ಲಬೇಕಾದದ್ದು ಮಗು. ನಾನು ಡಬ್ಬವನ್ನು ಕೆಳಗಿಟ್ಟೆ. ಸಿಂಚನಾ ಅಳಲಿಲ್ಲ, ಕಿರುಚಲಿಲ್ಲ. ‘ಮಾಮ ಬೇಡ ಅನ್ನಲ್ಲ ಅಂದ್ರಲ್ಲ’ ಎಂದಳು ಅಷ್ಟೆ.

ಶೈಲಾ ಸ್ಟೂಲಿನಿಂದ ಎದ್ದಳು. ಅವಳು ಜಗಳೂರಿನವಳು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಆ ಕಡೆಯವರಿಗಿಲ್ಲ. ‘ನೋಡ್ರಿ, ಕೊಡ್ಸೋ ಹಂಗಿದ್ರೆ ಕೊಡ್ಸ್ರಿ. ಇಲ್ಲಾಂದ್ರೆ ಮುಂದಿನ ವಾರ ನಾನು ಬರ್ದಿದ್ದೆಲ್ಲ ಸುಳ್ಳು ಅಂತ ಪೇಪರ್‌ನಾಗೆ ಹಾಕ್ಸ್ರಿ’ ಎಂದಳು.

ಕೊಡಿಸಿದೆ. ಜೊತೆಗೊಂದು ಬಿಳಿ ಅಂಗಿ, ಶಲ್ಯ. ಸಿಂಚನಾಳ ತಮ್ಮ ಪ್ರಣವ್ ಎದೆ ತುಂಬ ಹೂವಿನ ಕಸೂತಿ ಇರುವ ಗುಲಾಬಿ ಜುಬ್ಬ ಆರಿಸಿಕೊಂಡ. ಪಂಚೆಯ ಗಲಾಟೆಯಲ್ಲಿ ಅದನ್ನು ಯಾರೂ ಗಮನಿಸಲೇ ಇಲ್ಲ. ಗೀತಾಗೆ ರೇಷ್ಮೆ ಸೀರೆ, ಭಾವ ಮಂಜಣ್ಣನಿಗೆ ಪಂಚೆ, ಶಲ್ಯ. ಉಳಿದದ್ದು ಗೀತಾಳ ಅತ್ತೆ ಹಾಲಮ್ಮನವರ ಸೀರೆ. ವಯಸ್ಸಾದವರಲ್ಲವೇ, ಬಿಸ್ಕತ್ತಿನ ಬಣ್ಣದ್ದೊಂದು ಹಾಕಿ ಅಂದೆ. ಹಾಕಿದರು. ಎರಡು ನಿಮಿಷದ ಕೆಲಸ.

ಹಾಲಮ್ಮನವರ ಬಗ್ಗೆ ಒಂದು ಮಾತು. ಎಪ್ಪತ್ತು ದಾಟಿದ ಜೀವ. ಸೂಳೆಕೆರೆ ನೀರಿನ ಗದ್ದೆಯಲ್ಲಿ ಬೆಳೆದವರು. ಯಾರೇ ಬಂದರೂ ಮೊದಲು ಊಟ ಹಾಕಿ ಆಮೇಲೆ ಬಯ್ಯುತ್ತಾರೆ. ಮೊಮ್ಮಗಳ ಮೇಲೆ ಪ್ರಾಣ. ಆದರೆ ‘ಕಾಲು ಮುಚ್ಚು, ತಲೆ ಬಾಚು, ಜೋರಾಗಿ ನಗಬೇಡ’ ಇವು ಮೂರೂ ದಿನಕ್ಕೊಮ್ಮೆ ಆಗಲೇಬೇಕು.

ಗೃಹಪ್ರವೇಶದ ಬೆಳಿಗ್ಗೆ ನಾವು ನ್ಯಾಮತಿ ತಲುಪಿದಾಗ ಚಪ್ಪರದ ತುಂಬ ಜನ. ತಟ್ಟೆಯಲ್ಲಿ ಬಟ್ಟೆಗಳನ್ನಿಟ್ಟು, ಕುಂಕುಮ ಹಚ್ಚಿ, ಒಬ್ಬೊಬ್ಬರಿಗೇ ಕೊಟ್ಟೆವು. ಸಿಂಚನಾಳ ತಟ್ಟೆ ಬಂದಾಗ ಹಾಲಮ್ಮ ಕಣ್ಣು ಕಿರಿದು ಮಾಡಿ ಡಬ್ಬ ನೋಡಿದರು, ಗುಂಡು ಹುಡುಗನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

‘ಮೇಷ್ಟ್ರೇ, ತಟ್ಟೆ ಅದಲುಬದಲಾಗೈತೆ.’

‘ಇಲ್ಲಮ್ಮ. ಅವಳೇ ಆರಿಸಿಕೊಂಡದ್ದು.’

ಚಪ್ಪರದಲ್ಲಿ ಗುಸುಗುಸು. ಗೀತಾ ನೆಲ ನೋಡುತ್ತಿದ್ದಳು. ಹಾಲಮ್ಮನವರಿಗೆ ಪೇಚಿಗಿಟ್ಟುಕೊಂಡಿತು. ಸೋದರಮಾವ ತಂದ ಬಟ್ಟೆ! ಬೇಡ ಅನ್ನಲು ಬರುವುದಿಲ್ಲ. ಹುಡುಗಿಗೆ ಉಡಿಸಲೂ ಮನಸ್ಸು ಬರುವುದಿಲ್ಲ. ಅವರು ಇಷ್ಟು ವರ್ಷ ಕಾಪಾಡಿಕೊಂಡು ಬಂದ ಎರಡು ಶಾಸ್ತ್ರಗಳು ಅವತ್ತು ಒಂದಕ್ಕೊಂದು ಡಿಕ್ಕಿ ಹೊಡೆದಿದ್ದವು. (ಡ್ರೈವರ್ ನಾನೇ.)

‘ಒಳಗೆ ಚಡ್ಡಿ ಹಾಕಿಸ್ರಿ’ ಎಂದಷ್ಟೇ ಹೇಳಿ ಅಡುಗೆ ಕಡೆಗೆ ಹೋದರು. ಹೋಗುವಾಗ ಗೀತಾಳ ಕಿವಿಯಲ್ಲಿ ಏನೋ ಅಂದರು. ಅವರೂ ಒಂದು ಜರಿ ಲಂಗ ಹೊಲಿಸಿಟ್ಟಿದ್ದರಂತೆ. ‘ಎದ್ರಾಗೇ ಇಟ್ಟಿರು, ಬೇಕಾಗ್ತೈತೆ’ ಅಂದರಂತೆ.

ಸಿಂಚನಾ ಪಂಚೆ ಅಂಟಿಸಿಕೊಂಡು, ಶಲ್ಯ ಹೊದ್ದು, ಎರಡು ಜಡೆಗೂ ಮಲ್ಲಿಗೆ ಮುಡಿದು ಹೊರಗೆ ಬಂದಳು. ಚೆನ್ನಾಗಿ ಕಾಣುತ್ತಿದ್ದಳು ಕಣ್ರೀ! ಯಾರೋ ‘ಏನಪ್ಪ ಯಜಮಾನ, ಊಟ ಆಯ್ತಾ?’ ಅಂದರು. ಇನ್ಯಾರೋ ‘ಶೆಟ್ರು ಬಂದ್ರು, ದಾರಿ ಬಿಡ್ರಪ್ಪಾ’ ಅಂದರು. ಅವಳು ಯಾರಿಗೂ ಉತ್ತರ ಕೊಡದೆ ನೆಟ್ಟಗೆ ಹೋಗಿ ಕರುವಿನ ಹಗ್ಗ ಹಿಡಿದಳು.

ಇನ್ನು ಹಸುವಿನ ಕಥೆ. ಹೊಸ ಮನೆ ಎಂದರೆ ಹೊಸ ಟೈಲ್ಸು. ಮುಖ ನೋಡಿಕೊಳ್ಳುವಷ್ಟು ಹೊಳಪು. ಹಸು ಹೊಸಿಲ ಹತ್ತಿರ ಬಂದು, ನೆಲದೊಳಗೆ ಇನ್ನೊಂದು ಹಸು ಕಂಡು, ಕಾಲು ಊರಿ ನಿಂತುಬಿಟ್ಟಿತು. ಹಿಂದಿನಿಂದ ನಾಲ್ಕು ಜನ ನೂಕಿದರೂ ಊಹೂಂ. ಗೋಣಿಚೀಲ ಹಾಸಿ ಎಂದು ಒಬ್ಬರು, ಬೆಲ್ಲ ತೋರಿಸಿ ಎಂದು ಇನ್ನೊಬ್ಬರು. ‘ಮೊದ್ಲು ಕರು ಒಳಗೆ ಹೋಗ್ಲಿ, ತಾಯಿ ಹಿಂದೇ ಬರ್ತದೆ’ ಎಂದರು ಮಂಜಣ್ಣ.

ಸಿಂಚನಾ ಕಾಯುತ್ತಿದ್ದದ್ದೇ ಇದಕ್ಕೆ. ಅಪ್ಪನ ಹಾಗೆಯೇ ಪಂಚೆಯನ್ನು ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಹಗ್ಗ ಎಳೆದಳು. ನಾನು ಮೊಬೈಲ್ ತೆಗೆದು ವಿಡಿಯೋ ಶುರು ಮಾಡಿದೆ. ಮನಸ್ಸಿನಲ್ಲಿ ಈ ವಾರದ ಅಂಕಣದ ಕೊನೆಯ ಸಾಲು ಆಗಲೇ ಸಿದ್ಧವಾಗಿತ್ತು.

ಕರು ಒಂದು ಜಿಗಿತ ಜಿಗಿಯಿತು. ಚರ್‍ರ್ ಎಂದು ಸದ್ದಾಯಿತು. ವೆಲ್ಕ್ರೋ!

ಪಂಚೆ ನೆಲದ ಮೇಲಿತ್ತು. ಸಿಂಚನಾ ನೀಲಿ ಚಡ್ಡಿಯಲ್ಲಿ ಹಗ್ಗ ಹಿಡಿದು ನಿಂತಿದ್ದಳು.

ಇಡೀ ಚಪ್ಪರ ನಕ್ಕಿತು. ಕೆಟ್ಟ ನಗುವಲ್ಲ, ನಿಜ. ಆದರೆ ಆ ವಯಸ್ಸಿಗೆ ನಗುವಿನಲ್ಲಿ ಒಳ್ಳೆಯದು, ಕೆಟ್ಟದ್ದು ಇರುತ್ತದೆಯೇ? ಅವಳ ಕೆಳತುಟಿ ನಡುಗುವುದು ನನಗೆ ಅಷ್ಟು ದೂರದಿಂದಲೂ ಕಾಣಿಸಿತು. ಹಗ್ಗವನ್ನು ಮಾತ್ರ ಬಿಟ್ಟಿರಲಿಲ್ಲ. ಹಿಂದೆಯೇ ಆ ದೊಡ್ಡಪ್ಪನ ಮಗ ‘ತಾ ಇಲ್ಲಿ’ ಎಂದು ಕೈ ಚಾಚಿ ಬಂದ. ಗೀತಾ ಜರಿ ಲಂಗ ಹಿಡಿದುಕೊಂಡು ಓಡಿ ಬಂದಳು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಇದೆಲ್ಲ ನನ್ನಿಂದ, ನನ್ನ ಹಾಳು ಬರಹದಿಂದ ಎಂದು ಬೈದುಕೊಂಡೆ.

ಆಗ ಅಡುಗೆ ಕಡೆಯಿಂದ ಹಾಲಮ್ಮ ಬಂದರು. ಕೈಯಲ್ಲಿ ಸೌಟು.

‘ಯಾಕ್ರೋ ನಗ್ತೀರಿ? ನಿಮ್ ಪಂಚೆ ಯಾವತ್ತೂ ಬಿಚ್ಚಿಲ್ವಾ?’

ನಗು ನಿಂತಿತು. (ಕೆಲವರಿಗೆ ತಮ್ಮ ಪಂಚೆ ನೆನಪಾಗಿರಬೇಕು.) ಅವರು ಕೆಳಗೆ ಬಿದ್ದ ವೆಲ್ಕ್ರೋ ಪಂಚೆಯನ್ನು ಎತ್ತಿ, ಅಂಟಿಸಿ ಬಿಡಿಸಿ ನೋಡಿ, ‘ಥೂ, ಇದೂ ಒಂದ್ ಪಂಚೇನಾ’ ಎಂದು ಪಕ್ಕಕ್ಕೆಸೆದರು. ಗೀತಾ ಲಂಗ ಮುಂದೆ ಹಿಡಿದಳು.

‘ಅದನ್ನ ಒಳಗಿಡೇ.’

ಹಾಗೆಂದವರೇ ಮಗ ಮಂಜಣ್ಣನ ಹೆಗಲ ಮೇಲಿದ್ದ ಹೊಸ ಶಲ್ಯವನ್ನು ಸರಕ್ಕನೆ ಎಳೆದುಕೊಂಡರು. ಹೊಸಿಲ ಪಕ್ಕದ ಮೆಟ್ಟಿಲ ಮೇಲೆ ಕೂತು ಮೊಮ್ಮಗಳನ್ನು ಎದುರಿಗೆ ನಿಲ್ಲಿಸಿಕೊಂಡರು. ಸೊಂಟಕ್ಕೆ ಸುತ್ತಿ ಗಂಟು ಹಾಕಿದರು. ನೆರಿಗೆ ಹಿಡಿದರು. ಕಾಲ ನಡುವಿನಿಂದ ಹಿಂದಕ್ಕೆ ಎಳೆದು, ಬೆನ್ನ ಹಿಂದೆ ಸಿಕ್ಕಿಸಿ, ಬಿಗಿಯಾಗಿ ಒಂದು ಜಗ್ಗು ಜಗ್ಗಿದರು. ಕಚ್ಚೆ!

‘ಅಜ್ಜಿ, ನಿಂಗೆ ಬರುತ್ತಾ ಇದು?’ ಸಿಂಚನಾಳ ಅಳು ಅರ್ಧಕ್ಕೇ ನಿಂತಿತ್ತು.

‘ಬರ್ದೇ ಏನು? ಗದ್ದೆಗೆ ಇಳಿಯೋವಾಗ ನಾವೆಲ್ಲ ಸೀರೆ ಹಿಂಗೇ ಕಚ್ಚೆ ಹಾಕ್ಕಂತಿದ್ವಿ. ನಮ್ಮವ್ವನೂ ಹಂಗೇ, ಅವರವ್ವನೂ ಹಂಗೇ. ಮಂಡಿ ಮಟ ಕೆಸರು. ಅದ್ರಾಗೆ ಸೆರಗು ನೆರಿಗೆ ಅಂತ ಕುಂತ್ರೆ ನಾಟಿ ಮಾಡಾಕೆ ಆಗ್ತೈತಾ?’

‘ಕಾಲು ಕಾಣಲ್ವಾ?’

ಹಾಲಮ್ಮ ಗಂಟನ್ನು ಇನ್ನೊಮ್ಮೆ ಬಿಗಿ ಮಾಡಿದರು. ತಾವೇ ವರ್ಷಗಟ್ಟಲೆ ಹೇಳಿಕೊಂಡು ಬಂದ ಮಾತು ತಮಗೇ ತಿರುಗಿ ಬಂದಿತ್ತು.

‘ಕಾಣ್ತಿದ್ವು ಕಣವ್ವ. ಯಾರೂ ಏನೂ ಅಂತಿರ್ಲಿಲ್ಲ. ಎಲ್ರಿಗೂ ಕೆಲ್ಸ ಇರ್ತಿತ್ತು’ ಎಂದರು. ಆಮೇಲೆ ಅವಳ ಬೆನ್ನಿಗೊಂದು ಏಟು ಕೊಟ್ಟು, ‘ಹೂಂ, ಹೋಗು. ಈಗ ಆನೆ ಎಳೆದ್ರೂ ಬಿಚ್ಚಲ್ಲ’ ಎಂದರು.

ಸಿಂಚನಾ ಹೋದಳು. ಗೋಣಿಚೀಲದ ಮೇಲೆ ಕರು, ಕರುವಿನ ಹಿಂದೆ ತಾಯಿ, ತಾಯಿಯ ಹಿಂದೆ ಶಲ್ಯ ಕಳೆದುಕೊಂಡ ಮಂಜಣ್ಣ. ಹಸು ಹೊಸ ಟೈಲ್ಸಿನ ಮೇಲೆ ಸಗಣಿ ಹಾಕಿತು. ಶುಭ ಎಂದು ಎಲ್ಲರೂ ಖುಷಿಪಟ್ಟರು. (ಒರೆಸಿದವಳು ಗೀತಾ.) ಹಾಲುಕ್ಕಿತು. ದೊಡ್ಡಪ್ಪನ ಮಗ ಕೂಡ ಸಿಂಚನಾಳ ಹತ್ತಿರ ಬಂದು, ಆ ಕಚ್ಚೆ ಹೇಗೆ ಹಾಕುವುದು ಎಂದು ಕೇಳುತ್ತಿದ್ದ. ಅವನ ವೆಲ್ಕ್ರೋ ಕೂಡ ಸಡಿಲವಾಗಿತ್ತಂತೆ.

ಇಲ್ಲಿಗೇ ಮುಗಿಸಿದ್ದರೆ ನಾನು ಗೆದ್ದಿರುತ್ತಿದ್ದೆ. ‘ನೋಡಿ, ಗಂಡುಬಟ್ಟೆ ಹೆಣ್ಣುಬಟ್ಟೆ ಅನ್ನುವುದು ನಮ್ಮ ಹಳಬರಲ್ಲೇ ಅಷ್ಟೊಂದು ಗಟ್ಟಿಯಾಗಿರಲಿಲ್ಲ, ಕೆಲಸವೇ ಬಟ್ಟೆಯನ್ನು ತೀರ್ಮಾನಿಸುತ್ತಿತ್ತು, ಬೇಲಿ ಹಾಕಿದವರು ಆಮೇಲಿನ ನಾವು’ ಎಂದು ಪಾಠ ಹೇಳಿ ಪೆನ್ನು ಮುಚ್ಚಬಹುದಿತ್ತು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಊಟವಾದ ಮೇಲೆ ಒಂದು ಮಾತು ನಡೆಯಿತು.

ಹೊರಡುವ ಮೊದಲು ಹಾಲಮ್ಮನವರಿಗೆ ನಮಸ್ಕಾರ ಮಾಡಲು ಹೋದೆ. ನಾನು ತಂದ ಬಿಸ್ಕತ್ತಿನ ಬಣ್ಣದ ಸೀರೆ ಉಟ್ಟು ಹೊಸ ಹಾಲ್‌ನಲ್ಲಿ ಕೂತಿದ್ದರು. ತೊಡೆಯ ಮೇಲೆ ಕಚ್ಚೆ ಬಿಚ್ಚದ ಸಿಂಚನಾ ತಲೆಯಿಟ್ಟು ಮಲಗಿದ್ದಳು.

‘ಬೇಜಾರು ಮಾಡ್ಕೋಬೇಡಿ ಅಮ್ಮಾ, ಅವಳು ಕೇಳಿದಳು, ಇಲ್ಲ ಅನ್ನಲಾಗಲಿಲ್ಲ’ ಎಂದೆ.

‘ಬೇಜಾರು ಯಾಕೆ ಮೇಷ್ಟ್ರೇ? ಅವ್ಳಿಗೆ ಏನ್ ಬೇಕು ಅಂತ ಕೇಳಿದ್ರಿ, ಚಲೋ ಮಾಡಿದ್ರಿ.’ ಸೀರೆಯ ಅಂಚನ್ನು ಬೆರಳಲ್ಲಿ ಸವರಿದರು. ‘ಮದುವ್ಯಾಗೆ ನಮ್ಮಪ್ಪ ತಂದ. ಆಮ್ಯಾಲೆ ನಮ್ಮತ್ತೆ ತಂದ್ಲು, ಯಜಮಾನ್ರು ತಂದ್ರು. ಈಗ ಮಗ ತರ್ತಾನೆ, ನೀವ್ ತಂದೀರಿ. ಎಲ್ಲಾ ಚಲೋ ಸೀರೆನೇ. ಆದ್ರೆ ಹಾಲಮ್ಮ, ನಿಂಗೆ ಯಾವ ಬಣ್ಣ ಬೇಕವ್ವ ಅಂತ ಒಂದಿನಾನೂ ಯಾರೂ ಕೇಳ್ಲಿಲ್ಲ ನೋಡ್ರಿ.’

ದೂರಲ್ಲ. ನಗುತ್ತಲೇ ಹೇಳಿದರು. ನನಗೆ ಮಾತ್ರ ಚನ್ನಗಿರಿಯ ಅಂಗಡಿ ನೆನಪಾಯಿತು. ಎರಡು ನಿಮಿಷದ ಕೆಲಸ ಅಂದಿದ್ದೆನಲ್ಲ!

‘ಈಗ ಕೇಳ್ತೀನಿ ಅಮ್ಮಾ. ಯಾವ ಬಣ್ಣ ಇಷ್ಟ ನಿಮಗೆ?’

ಹಾಲಮ್ಮ ಬಾಗಿಲ ಕಡೆ ನೋಡಿದರು, ಮಾವಿನ ತೋರಣದ ಕಡೆ ನೋಡಿದರು.

‘ಗೊತ್ತಿಲ್ಲಪ್ಪ’ ಎಂದರು.

ಸಿಂಚನಾ ತಟ್ಟನೆ ಎದ್ದು ಕೂತಳು. ‘ಅಜ್ಜಿ, ನಾನೂ ನೀನೂ ಹೊನ್ನಾಳಿಗೆ ಹೋಗಾಣ. ಎಲ್ಲಾ ಬಣ್ಣ ತೆಗೆಸಿ ನೋಡಾಣ. ಯಾವುದು ಬೇಕೋ ಆರಿಸ್ಕೋ. ನಾನು ಬೇಡ ಅನ್ನಲ್ಲ.’

ಇದನ್ನು ಬರೆಯುತ್ತಿರುವಾಗಲೇ ಗೀತಾ ಫೋನ್ ಮಾಡಿದಳು. ಅಜ್ಜಿ, ಮೊಮ್ಮಗಳು ಹೊನ್ನಾಳಿಯ ಅಂಗಡಿಯಲ್ಲಿ ಬೆಳಿಗ್ಗೆಯಿಂದ ಕೂತಿದ್ದಾರಂತೆ. ಗಿಣಿಹಸಿರು ತೆಗೆಸಿದರಂತೆ, ಈರುಳ್ಳಿ ಬಣ್ಣ ತೆಗೆಸಿದರಂತೆ, ನೇರಳೆಯದನ್ನು ಹಾಲಮ್ಮ ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತು ‘ಇದು ಜಾಸ್ತಿ ಆತೇನೋ’ ಎಂದು ನಾಚಿಕೊಂಡು ಮತ್ತೆ ಹಾಕಿಕೊಂಡರಂತೆ. ಇನ್ನೂ ತೀರ್ಮಾನವಾಗಿಲ್ಲ. ಅಂಗಡಿಯವರು ಎರಡನೇ ಸಲ ಚಹಾ ತರಿಸಿದ್ದಾರಂತೆ. ತರಿಸಲಿ ಬಿಡಿ, ಎಪ್ಪತ್ತು ವರ್ಷ ಕಾದವರಿಗೆ ಅಷ್ಟಾದರೂ ಪುರುಸೊತ್ತು ಬೇಡವೇ?

ಅದಿರಲಿ, ನಿಮ್ಮ ಮನೆಯ ಅಜ್ಜಿಗೆ ಯಾವ ಬಣ್ಣ ಇಷ್ಟ?